ಸ್ಪ್ರಿಂಗ್ ವಾಷರ್ ನಂಬಿ ಘಾಟಿ ಇಳಿಯಬೇಡಿ: ಹಳೇ ಗಾಡಿಯ ಸಸ್ಪೆನ್ಷನ್ ಬಿಗಿಯಾಗಿಡುವ ಸಾಮಾನುಗಳ ವಿಮರ್ಶೆ

ಚಿಕ್ಕಮಗಳೂರಿನ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ನಟ್ಟು ಪದೇ ಪದೇ ಸಡಿಲ ಆಗ್ತಿದೆ" ಅಂದರೂ ಮೊದಲು ಕೌಂಟರ್ ಮೇಲೆ ಬೀಳುವುದು ಒಂದು ಹಿಡಿ ಸ್ಪ್ರಿಂಗ್ ವಾಷರ್, ಅಂದರೆ ಒಂದೆಡೆ ಸೀಳಿ ತುಸು ತಿರುಚಿದ ಉಕ್ಕಿನ ಉಂಗುರ. ಗೇಟಿನ ಕೀಲಿಗೆ, ಪಂಪ್‌ಸೆಟ್ಟಿನ ಗಾರ್ಡಿಗೆ ಅದು ನಡೆದೀತು. ಕೈಮರ ದಾಟಿ ಅತ್ತಿಗುಂಡಿ ಕಡೆ ಹತ್ತುವ ಹಳೇ ಜೀಪಿನ ಯು ಬೋಲ್ಟಿಗೆ, ಚಾರ್ಮಾಡಿ ಇಳಿಯುವ ಅಂಬಾಸಡರಿನ ಹಿಂದಿನ ಶ್ಯಾಕಲ್ಲಿಗೆ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಅದೇ ಭರವಸೆ ಇಟ್ಟುಕೊಂಡರೆ ದುಡ್ಡೂ ಹೋಯಿತು, ಬಿಗಿಯೂ ಹೋಯಿತು. ಈ ಕೆಲಸಕ್ಕೆಂದು ಇಲ್ಲಿ ಸಿಗುವ, ಇಲ್ಲದಿದ್ದರೆ ಹಾಸನದಿಂದಲೋ ಬೆಂಗಳೂರಿನ ಜೆ.ಸಿ. ರಸ್ತೆಯಿಂದಲೋ ತರಿಸಿಕೊಳ್ಳಬಹುದಾದ ಸಾಮಾನುಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಎನ್ನುವುದು ಈ ಬರಹದ ವಿಷಯ. ಕಣ್ಣ ಮುಂದಿರುವ ಗಾಡಿಗಳು ಮಲೆನಾಡಿನ ಶೆಡ್ಡುಗಳಲ್ಲಿ ಇನ್ನೂ ಉಳಿದಿರುವಂಥವು: ವಿಲ್ಲೀಸ್ ಮೂಲದ ಮಹೀಂದ್ರ ಜೀಪು, ಅಂಬಾಸಡರ್, ಫಿಯೆಟ್ 1100 ಮತ್ತು ಪದ್ಮಿನಿ, ಅಪರೂಪಕ್ಕೊಂದು ಸ್ಟ್ಯಾಂಡರ್ಡ್ ಹೆರಾಲ್ಡ್. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಯನ್ನು 2021ರ ಕೇಂದ್ರ ನಿಯಮ ವಿಂಟೇಜ್ ಎನ್ನುತ್ತದೆ. ನಟ್ಟು ಬೋಲ್ಟಿಗೆ ಆ ವ್ಯತ್ಯಾಸ ಗೊತ್ತಿಲ್ಲ, 1960ರ ಗಾಡಿಗೂ 1985ರ ಗಾಡಿಗೂ ಕಾಯಿಲೆ ಒಂದೇ.

ಕಾಯಿಲೆ ಏನು ಅಂತ ಮೊದಲು ನೋಡೋಣ, ಇಲ್ಲದಿದ್ದರೆ ಮದ್ದಿನ ಬೆಲೆ ತಿಳಿಯುವುದಿಲ್ಲ. ಬೋಲ್ಟು ಬಿಗಿ ಮಾಡುವುದೆಂದರೆ ಅದನ್ನು ಕೂದಲೆಳೆಯಷ್ಟು ಎಳೆದು ಉದ್ದ ಮಾಡುವುದು. ಹಾಗೆ ಎಳೆಸಿಕೊಂಡ ಬೋಲ್ಟು ಹಿಂದಕ್ಕೆ ಬರಲು ನೋಡುತ್ತದಲ್ಲ, ಆ ಸೆಳೆತವೇ ಎರಡು ಲೋಹಗಳನ್ನು ಒತ್ತಿ ಹಿಡಿಯುವುದು. ಸ್ಪ್ಯಾನರಿಗೆ ನಾವು ಹಾಕುವ ಬಲದಲ್ಲಿ ಸುಮಾರು ಅರ್ಧ ನಟ್ಟಿನ ಅಡಿಯ ತಿಕ್ಕಾಟಕ್ಕೇ ಹೋಗುತ್ತದೆ, ನೂರಕ್ಕೆ ನಲವತ್ತರಷ್ಟು ಥ್ರೆಡ್ಡಿನ ತಿಕ್ಕಾಟಕ್ಕೆ. ಬೋಲ್ಟನ್ನು ನಿಜವಾಗಿ ಎಳೆಯುವುದು ಉಳಿದ ಹತ್ತು ಪಾಲು ಮಾತ್ರ. ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ಸ್ಪ್ಯಾನರ್ ಎಷ್ಟೇ ಬಿಗಿ ಅನ್ನಿಸಿದರೂ ಒಳಗೆ ಹಿಡಿತವೇ ಇರದಿರುವುದು ಇದೇ ಕಾರಣಕ್ಕೆ.

ಹಿಡಿತ ಕಳೆದುಹೋಗುವ ದಾರಿ ಎರಡು. ಒಂದು, ನಟ್ಟು ತಿರುಗುವುದೇ ಇಲ್ಲ, ಆದರೆ ಅದರ ಅಡಿಯ ಬಣ್ಣ, ತುಕ್ಕಿನ ಪದರ, ಮೆತ್ತನೆ ವಾಷರ್ ಅದುಮಿ ತೆಳ್ಳಗಾಗುತ್ತವೆ. ಬೋಲ್ಟು ಉದ್ದವಾಗಿದ್ದದ್ದೇ ಕೂದಲೆಳೆಯಷ್ಟು ಅಂದೆವಲ್ಲ, ಬಣ್ಣ ಅಷ್ಟು ಕುಗ್ಗಿದರೆ ಎಲ್ಲ ಮುಗಿಯಿತು. ಇನ್ನೊಂದು, ನಟ್ಟು ನಿಜವಾಗಿಯೇ ತಿರುಗಿ ಬಿಚ್ಚಿಕೊಳ್ಳುವುದು. ಇದಕ್ಕೆ ಮುಖ್ಯ ಕಾರಣ ಮೇಲೆ ಕೆಳಗೆ ಕುಲುಕುವುದಲ್ಲ, ಹಿಡಿದಿಟ್ಟ ಎರಡು ಭಾಗಗಳು ಒಂದರ ಮೇಲೊಂದು ಅಡ್ಡಡ್ಡ ಜಾರುವುದು. ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಇದನ್ನು ಯಂತ್ರದ ಮೇಲೆ ತೋರಿಸಿದ. ಲಾಕಿಂಗ್ ಸಾಮಾನುಗಳನ್ನು ಇಂದಿಗೂ ಆ ಬಗೆಯ ಯಂತ್ರದಲ್ಲೇ ಪರೀಕ್ಷೆ ಮಾಡುತ್ತಾರೆ. ಹಿಡಿತ ಸಾಕಷ್ಟಿದ್ದರೆ ಜಾರುವುದಿಲ್ಲ, ಜಾರದಿದ್ದರೆ ನಟ್ಟು ತಿರುಗುವುದಿಲ್ಲ. ಕೆಳಗೆ ಬರುವ ಪ್ರತಿ ಸಾಮಾನನ್ನೂ ಈ ಲೆಕ್ಕದಲ್ಲೇ ತೂಗಿದ್ದೇವೆ: ಇದು ಹಿಡಿತ ಹೆಚ್ಚಿಸುತ್ತದೆಯೋ, ಇಲ್ಲ ಹಿಡಿತ ಹೋದಮೇಲೆ ನಟ್ಟು ರಸ್ತೆಗೆ ಬೀಳದ ಹಾಗೆ ಮಾತ್ರ ನೋಡಿಕೊಳ್ಳುತ್ತದೆಯೋ?

ಸ್ಪ್ರಿಂಗ್ ವಾಷರ್ ಎರಡನ್ನೂ ಮಾಡುವುದಿಲ್ಲ. ಬೋಲ್ಟನ್ನು ಸರಿಯಾಗಿ ಬಿಗಿ ಮಾಡುವಷ್ಟರಲ್ಲಿ ಅದು ಚಪ್ಪಟೆಯಾಗಿ ಸಾದಾ ವಾಷರ್ ಆಗಿರುತ್ತದೆ. ಅಮೆರಿಕದ ನಾಸಾ ಸಂಸ್ಥೆ 1990ರಲ್ಲಿ ಹೊರತಂದ ಬೋಲ್ಟುಗಳ ಕೈಪಿಡಿಯಲ್ಲೂ ಈ ಜಾತಿಯ ವಾಷರ್ ಲಾಕ್ ಮಾಡಲು ಪ್ರಯೋಜನವಿಲ್ಲ ಎಂದೇ ಬರೆದಿದೆ. ಕಡಿಮೆ ಬೆಲೆಯ ಸ್ಪ್ರಿಂಗ್ ವಾಷರ್ ಬಿರುಕು ಬಿಟ್ಟು ತುಂಡಾಗಿ ಬಿದ್ದರಂತೂ ಅದರ ದಪ್ಪದಷ್ಟು ಸಡಿಲ ಒಮ್ಮೆಲೇ ಬರುತ್ತದೆ. ಕೊಳ್ಳಬೇಡಿ. ಅಸಲಿ ಗಾಡಿಯಲ್ಲೇ ಹಾಕಿದ್ದರು, ನೋಟಕ್ಕೆ ಬೇಕೇ ಬೇಕು ಅನ್ನುವವರು ಹಾಕಿಕೊಳ್ಳಲಿ, ಆದರೆ ಅದನ್ನೇ ಲಾಕ್ ಅಂದುಕೊಳ್ಳಬಾರದು.

ಮೊದಲ ದುಡ್ಡು ಬೋಲ್ಟಿಗೆ

ಲಾಕಿಂಗ್ ಸಾಮಾನಿಗೆ ಕೈಹಾಕುವ ಮೊದಲು ಹೊಸ ಬೋಲ್ಟು, ಹೊಸ ನಟ್ಟು ತನ್ನಿ. ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ತೂಗಿ ಕೊಡುವ ಬೋಲ್ಟು ಬಹುಪಾಲು ಸಾದಾ ಕಬ್ಬಿಣದ್ದು, ತಲೆಯ ಮೇಲೆ ಏನೂ ಬರೆದಿರುವುದಿಲ್ಲ, ಬರೆದಿದ್ದರೆ 4.6 ಅಂತ ಇರುತ್ತದೆ. ಸಸ್ಪೆನ್ಷನ್ನಿಗೆ ಬೇಕಾದದ್ದು "ಹೈಟೆನ್ಸಿಲ್": ಮೆಟ್ರಿಕ್ ಆದರೆ ತಲೆಯ ಮೇಲೆ 8.8, ಇಂಚಿನದಾದರೆ ಮೂರು ಗೆರೆ, ಅಂದರೆ ಗ್ರೇಡ್ 5. ಆರು ಗೆರೆ ಇದ್ದರೆ ಗ್ರೇಡ್ 8. ಟಿವಿಎಸ್, ಅನ್‌ಬ್ರಾಕೊ ಬೋಲ್ಟುಗಳ ಮೇಲೆ ತಯಾರಕರ ಗುರುತೂ ಗ್ರೇಡೂ ಎದ್ದು ಕಾಣುವ ಹಾಗಿರುತ್ತವೆ, ಬಿಡಿಯಾಗಿಯೂ ಕೊಡುತ್ತಾರೆ. ಗುರುತಿಲ್ಲದ್ದನ್ನು "ಇದೂ ಹೈಟೆನ್ಸಿಲ್ಲೇ ಸಾರ್" ಎಂದು ಕೊಟ್ಟರೆ ನಗುತ್ತಲೇ ಹಿಂದಿರುಗಿಸಿ. ನಟ್ಟೂ ಅದೇ ದರ್ಜೆಯದಿರಬೇಕು, 8.8 ಬೋಲ್ಟಿಗೆ 8 ಎಂದು ಬರೆದ ನಟ್ಟು.

ಹೊಳೆಯುತ್ತದೆ, ಮಲೆನಾಡಿನ ಮಳೆಗೆ ತುಕ್ಕು ಹಿಡಿಯುವುದಿಲ್ಲ ಅಂತ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಹಾಕುವ ಚಾಳಿ ಈಚೆಗೆ ಜಾಸ್ತಿಯಾಗಿದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್ 450 ಮೆಗಾಪಾಸ್ಕಲ್‌ಗೇ ಎಳೆದುಕೊಂಡು ಹೋಗುತ್ತದೆ, 8.8 ಬೋಲ್ಟು 640ರ ತನಕ ತಾಳುತ್ತದೆ. ಅದರ ಮೇಲೆ ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿಗೆ ಕಚ್ಚಿಕೊಂಡು ಅರ್ಧ ದಾರಿಯಲ್ಲಿ ಸಿಕ್ಕಿಬೀಳುವುದೂ ಉಂಟು. ಬಂಪರ್ರಿಗೆ, ನಂಬರ್ ಪ್ಲೇಟಿಗೆ ಇರಲಿ.

ಥ್ರೆಡ್ಡಿನ ವಿಷಯದಲ್ಲಿ ಹಳೇ ಗಾಡಿಯವರು ಹೆಚ್ಚು ಎಡವುತ್ತಾರೆ. ಪದ್ಮಿನಿ ಇಟಲಿಯ ಫಿಯೆಟ್ಟಿನ ಕುಡಿ, ಮೆಟ್ರಿಕ್. ಆದರೆ ಸಸ್ಪೆನ್ಷನ್ನಿನಲ್ಲಿ ಫೈನ್ ಥ್ರೆಡ್ ಹೆಚ್ಚು: ಸುತ್ತಿನಿಂದ ಸುತ್ತಿಗೆ ಅಂತರ 10 ಮಿಮೀ ಬೋಲ್ಟಿಗೆ 1.25 ಮಿಮೀ, 12 ಮಿಮೀಗೂ 1.25. ಅಂಗಡಿಯ ಡಬ್ಬಿಯಲ್ಲಿರುವುದು 10ಕ್ಕೆ 1.5, 12ಕ್ಕೆ 1.75. ಒಂದೆರಡು ಸುತ್ತು ಹೋಗಿ ನಿಲ್ಲುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿ ನೂಕಿದರೆ ಬಿಗಿ ಆದ ಹಾಗೆ ಕಾಣುತ್ತದೆ, ಆಗಿರುವುದು ಥ್ರೆಡ್ ಹಾಳು. ಅಂಬಾಸಡರ್ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಸಂತತಿ, ಹೆರಾಲ್ಡ್ ಟ್ರಯಂಫ್‌ನದು, ಜೀಪು ಅಮೆರಿಕದ್ದು. ಇವೆಲ್ಲ ಇಂಚಿನ ಥ್ರೆಡ್, ಹೆಚ್ಚಾಗಿ ಯುಎನ್‌ಎಫ್, ಅಂದರೆ ಇಂಚಿನ ಫೈನ್ ಥ್ರೆಡ್. ಎರಡನೇ ಮಹಾಯುದ್ಧಕ್ಕೆ ಮೊದಲಿನ ಬ್ರಿಟಿಷ್ ಗಾಡಿಯಾದರೆ ಹಳೇ ಬ್ರಿಟಿಷ್ ಥ್ರೆಡ್ಡುಗಳಾದ ಬಿಎಸ್‌ಎಫ್ (ಫೈನ್), ವಿಟ್‌ವರ್ತ್ (ದಪ್ಪ ಸುತ್ತು) ಬರುತ್ತವೆ. 3/8 ಇಂಚಿನಲ್ಲಿ ಯುಎನ್‌ಎಫ್‌ಗೆ ಇಂಚಿಗೆ 24 ಸುತ್ತು, ಬಿಎಸ್‌ಎಫ್‌ಗೆ 20. ಅರ್ಧ ಇಂಚಿನಲ್ಲಿ 20 ಮತ್ತು 16. ಎಲ್ಲಕ್ಕಿಂತ ಮೋಸದ ಜೋಡಿ ಅರ್ಧ ಇಂಚಿನ ವಿಟ್‌ವರ್ತ್ ಮತ್ತು ಯುಎನ್‌ಸಿ (ಯುಎನ್‌ಎಫ್‌ನ ದಪ್ಪ ಸುತ್ತಿನ ಜೊತೆಗಾರ): 12 ಸುತ್ತು, 13 ಸುತ್ತು. ಒಂದಕ್ಕೊಂದು ಹತ್ತಿರ ಹತ್ತಿರ ಕೂರುತ್ತವೆ, ಕೋನ ಮಾತ್ರ ಒಂದಕ್ಕೆ 55 ಡಿಗ್ರಿ, ಇನ್ನೊಂದಕ್ಕೆ 60. ನೂರಿನ್ನೂರು ರೂಪಾಯಿಯ ಥ್ರೆಡ್ ಗೇಜು ಇದ್ದರೆ ಈ ಗೊಂದಲ ಅಂಗಡಿಯಲ್ಲೇ ಮುಗಿಯುತ್ತದೆ, ಗಾಡಿಯ ಅಡಿಗೆ ಬರುವುದಿಲ್ಲ. ನಟ್ಟು ಇಡೀ ಉದ್ದಕ್ಕೆ ಬೆರಳಲ್ಲೇ ಓಡಬೇಕು, ಅದೇ ಪರೀಕ್ಷೆ. ಯುಎನ್‌ಎಫ್ ಹೈಟೆನ್ಸಿಲ್ ಚಿಕ್ಕಮಗಳೂರಿನಲ್ಲಿ ಅದೃಷ್ಟವಿದ್ದರೆ ಸಿಗುತ್ತದೆ, ಹಳೇ ಬೋಲ್ಟು ಮಾದರಿಗೆ ಕೊಟ್ಟು ತರಿಸಿಕೊಳ್ಳುವುದೇ ಸರಿ.

ಯು ಬೋಲ್ಟು: ಇಲ್ಲಿ ಮಾಡಿಸಿದರೆ ಹೇಗೆ?

ಜೀಪಿನ ನಾಲ್ಕೂ ಮೂಲೆಗೆ, ಅಂಬಾಸಡರ್ ಪದ್ಮಿನಿಗಳ ಹಿಂದಕ್ಕೆ, ಆಕ್ಸಲನ್ನು ಪಟ್ಟಿ ಸ್ಪ್ರಿಂಗಿಗೆ ಕಟ್ಟಿ ಹಿಡಿಯುವುದು ಯು ಬೋಲ್ಟು. ಸಡಿಲವಾದರೆ ಆಕ್ಸಲ್ ಹಿಂದೆ ಮುಂದೆ ಆಡತೊಡಗುತ್ತದೆ, ಅಷ್ಟೂ ಹೊಡೆತ ಪಟ್ಟಿಗಳ ನಡುವಿನ ಸೆಂಟರ್ ಬೋಲ್ಟಿನ ತಲೆಯ ಮೇಲೆ ಬೀಳುತ್ತದೆ. ಪಟ್ಟಿಗಳನ್ನು ಸಾಲಾಗಿ ಹಿಡಿಯುವುದು, ಆಕ್ಸಲನ್ನು ಜಾಗದಲ್ಲಿ ಕೂರಿಸುವುದು ಆ ಬೋಲ್ಟಿನ ಕೆಲಸ, ಗಾಡಿಯ ಬ್ರೇಕಿನ ಬಲ ಹೊರುವುದಲ್ಲ. ಒಂದು ದಿನ ತಲೆ ಕತ್ತರಿಸಿ ಹೋಗುತ್ತದೆ, ಒಂದು ಬದಿಯ ಚಕ್ರ ಹಿಂದೆ ಸರಿಯುತ್ತದೆ, ಗಾಡಿ ಓರೆಯಾಗಿ ಓಡುತ್ತದೆ. ಸೆಂಟರ್ ಬೋಲ್ಟು ಪದೇ ಪದೇ ತುಂಡಾಗುತ್ತಿದೆ ಅಂದರೆ ಅದನ್ನು ಬದಲಿಸುತ್ತಾ ಕೂರಬೇಡಿ, ತಪ್ಪು ಯು ಬೋಲ್ಟಿನದು. ಅನುಮಾನ ಬಂದರೆ ಸ್ಪ್ರಿಂಗಿನ ಮುಂದಿನ ಕಣ್ಣಿನಿಂದ ಆಕ್ಸಲಿನ ನಡುವಿಗೆ ಎರಡೂ ಬದಿ ಟೇಪು ಹಿಡಿದು ನೋಡಿ, ಅಳತೆ ಒಂದೇ ಬರಬೇಕು.

ಹಳೇ ಯು ಬೋಲ್ಟನ್ನು ಬಿಚ್ಚಿ ಮತ್ತೆ ಹಾಕುವುದು ಇಲ್ಲಿನ ಗ್ಯಾರೇಜುಗಳ ರೂಢಿ. ಒಮ್ಮೆ ಪೂರ್ತಿ ಎಳೆಸಿಕೊಂಡ ಥ್ರೆಡ್ ಮತ್ತೆ ಅದೇ ಹಿಡಿತ ಕೊಡುವುದಿಲ್ಲ, ಹೊಸದು ಹಾಕಿ. ತಯಾರಾಗಿ ಬರುವುದು ಸಿಗದಿದ್ದರೆ ಲಾರಿ ಸ್ಪ್ರಿಂಗ್ ಕೆಲಸದವರು ಸರಳು ಬಗ್ಗಿಸಿ ಮಾಡಿಕೊಡುತ್ತಾರೆ. ಈ ಸೇವೆ ಚಿಕ್ಕಮಗಳೂರಿನಲ್ಲೂ ಇದೆ, ಹಾಸನದಲ್ಲಿ ಇನ್ನೂ ಹೆಚ್ಚು. ಕೆಲಸ ಬೇಗ, ಬೆಲೆ ಕಡಿಮೆ. ಗುಣಮಟ್ಟ ಮಾತ್ರ ಪೂರ್ತಿ ನೀವು ಏನು ಕೇಳುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಏನೂ ಹೇಳದಿದ್ದರೆ ಮನೆ ಕಟ್ಟುವ ಸಾದಾ ಸರಳೇ ಯು ಆಗಿ ಬರುತ್ತದೆ, ಬಿಗಿ ಮಾಡಿದಷ್ಟೂ ಮೇಣದ ಹಾಗೆ ಎಳೆದುಕೊಳ್ಳುತ್ತದೆ. ಇಎನ್ 8, ಅಂದರೆ ಮಧ್ಯಮ ಕಾರ್ಬನ್ ಉಕ್ಕಿನ ಸರಳು ಬೇಕು ಎಂದು ಹೆಸರು ಹೇಳಿ ಕೇಳಿ. ಬಗ್ಗಿಸುವಾಗ ಬಾಗುವ ಜಾಗಕ್ಕೆ ಮಾತ್ರ ಕಾವು ಕೊಡಲಿ, ಥ್ರೆಡ್ ಬರುವ ಕಾಲುಗಳಿಗೆ ಬೇಡ. ಕೆಂಪಗಿದ್ದಾಗ ನೀರಿಗೆ ಅದ್ದುವುದನ್ನು ಕಂಡರೆ ಅಲ್ಲೇ ತಡೆಯಿರಿ. ಹಾಗೆ ತಣಿಸಿದ ಇಎನ್ 8 ಗಟ್ಟಿಯಾಗುವುದೇನೋ ಹೌದು, ಜೊತೆಗೆ ಗಾಜಿನಂತೆ ಮುರಿಯುವ ಗುಣವೂ ಬರುತ್ತದೆ. ತಾನಾಗಿ ಗಾಳಿಗೆ ಆರಲಿ.

ಅಳತೆ ಕೊಡುವಾಗ ಸರಳಿನ ದಪ್ಪ, ಎರಡು ಕಾಲಿನ ಒಳ ಅಗಲ, ಕಾಲಿನ ಉದ್ದ, ಥ್ರೆಡ್ಡಿನ ಉದ್ದ, ಬಾಗು ದುಂಡಗೋ ಚೌಕವೋ, ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಡಿ. ಜೀಪಿನ ಆಕ್ಸಲ್ ಕೊಳವೆ ದುಂಡಗಿದೆ, ಬಾಗು ಅದರ ಮೈಗೆ ಅಂಟಿಕೊಂಡು ಕೂರಬೇಕು. ನಡುವೆ ಸಂದು ಉಳಿದರೆ ದಾರಿಯಲ್ಲಿ ಬಾಗು ತಾನೇ ಸರಿಹೊಂದಿಕೊಳ್ಳುತ್ತದೆ, ಹಿಡಿತ ಅಷ್ಟು ಇಳಿಯುತ್ತದೆ. ಬಿಗಿ ಆದ ಮೇಲೆ ನಟ್ಟಿನಾಚೆ ಮೂರು ಸುತ್ತು ಕಂಡರೆ ಸಾಕು. ಜೀಪಿನಲ್ಲಿ ನಟ್ಟು ಕೆಳಮುಖ, ಎರಡಿಂಚು ನೇತಾಡುವ ಕಾಲು ತೋಟದ ರಸ್ತೆಯ ಕಲ್ಲಿಗೆ ತಾಗಿ ಬಾಗುತ್ತದೆ, ಆಮೇಲೆ ನಟ್ಟು ಬಿಚ್ಚಲು ಗ್ಯಾಸ್ ಕಟಿಂಗೇ ಗತಿ. ನಟ್ಟು ಸಾಮಾನ್ಯದ್ದಕ್ಕಿಂತ ಎತ್ತರದ್ದು, ಲಾರಿ ಯು ಬೋಲ್ಟಿಗೆ ಹಾಕುವ ಜಾತಿಯದು ಇರಲಿ. ಅದರಡಿ ದಪ್ಪ ಗಟ್ಟಿ ವಾಷರ್.

ಹಾಕುವ ಕ್ರಮ: ಆಕ್ಸಲಿನ ಪ್ಯಾಡು, ಕೆಳಗಿನ ಪ್ಲೇಟು, ಸ್ಪ್ರಿಂಗಿನ ಮೇಲು ಕೆಳಗು ಪಟ್ಟಿ, ಇವುಗಳ ಕೂರುವ ಮುಖದಲ್ಲಿ ಬಣ್ಣ ಇರಕೂಡದು. ರಿಸ್ಟೋರೇಷನ್ ಮಾಡಿಸಿದ ಗಾಡಿಯಲ್ಲಿ ಮೊದಲ ತಿಂಗಳಲ್ಲೇ ಯು ಬೋಲ್ಟು ಸಡಿಲವಾಗುವುದಕ್ಕೆ ಬಹುಪಾಲು ಈ ಚಂದದ ಕಪ್ಪು ಪೇಂಟೇ ಕಾರಣ ಎನ್ನಬಹುದು, ಪೌಡರ್ ಕೋಟಿಂಗ್ ಆದರೆ ಇನ್ನೂ ದಪ್ಪ, ಇನ್ನೂ ಕೆಟ್ಟದ್ದು. ಆ ಮುಖಗಳನ್ನು ಕೆರೆದು ಬರಿ ಲೋಹ ಮಾಡಿ, ತುಕ್ಕು ತಡೆಗೆ ತೆಳ್ಳಗೆ ಪ್ರೈಮರ್ ಸಾಕು. ಸೆಂಟರ್ ಬೋಲ್ಟಿನ ತಲೆ ಪ್ಯಾಡಿನ ಗುಂಡಿಯೊಳಗೆ ಕೂತಿದೆಯೇ ಎಂದು ಬೆರಳು ಹಾಕಿ ನೋಡಿ. ಥ್ರೆಡ್ಡಿಗೆ ಒಂದು ಹನಿ ಎಣ್ಣೆ. ನಾಲ್ಕೂ ನಟ್ಟು ಕೈಯಲ್ಲಿ ಸಮನಾಗಿ ಏರಿಸಿ, ಎದುರುಬದಿರು ಮೂಲೆಯ ಕ್ರಮದಲ್ಲಿ ಮೂರು ಹಂತಕ್ಕೆ ಬಿಗಿ ಮಾಡಿ. ಕೊನೆಯ ಹಂತ ಜ್ಯಾಕ್ ಇಳಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ. 50-100 ಕಿಮೀ ಓಡಿಸಿ ಮತ್ತೊಮ್ಮೆ, 500 ಕಿಮೀಗೆ ಇನ್ನೊಮ್ಮೆ. ಈ ಎರಡು ಸಲ ತಪ್ಪಿಸಿದವರಿಗೆ ಯಾವ ಲಾಕೂ ಸಹಾಯ ಮಾಡುವುದಿಲ್ಲ.

ನಟ್ಟಿಗೆ ವೆಲ್ಡಿಂಗ್ ಟ್ಯಾಕ್ ಹೊಡೆಸುವುದು ಕೆಲವೆಡೆ ನಡೆಯುತ್ತದೆ. ಬೇಡವೇ ಬೇಡ. ನಟ್ಟು ತಿರುಗುವುದಿಲ್ಲ ನಿಜ, ಆದರೆ ಹಿಡಿತ ಹೋದದ್ದು ಗೊತ್ತೂ ಆಗುವುದಿಲ್ಲ, ಮತ್ತೆ ಬಿಗಿ ಮಾಡಲೂ ಆಗುವುದಿಲ್ಲ, ಕಾವು ತಿಂದ ಬೋಲ್ಟು ಅಲ್ಲೇ ಬಿರುಕು ಬಿಡುತ್ತದೆ. ಎರಡು ನಟ್ಟು ಹಾಕುವುದು ಹಳೇ ಪದ್ಧತಿ, ಕೆಟ್ಟದ್ದೇನಲ್ಲ. ಎಲ್ಲರೂ ತೆಳು ನಟ್ಟನ್ನು ಹೊರಗೆ ಹಾಕುತ್ತಾರೆ, ಅದು ತಿರುಗುಮುರುಗು. ತೆಳುವಾದದ್ದು ಒಳಗೆ, ಅರ್ಧ ಬಿಗಿಗೆ. ಅದನ್ನು ಸ್ಪ್ಯಾನರಿನಲ್ಲಿ ಹಿಡಿದುಕೊಂಡು ದಪ್ಪ ನಟ್ಟನ್ನು ಹೊರಗಿನಿಂದ ಪೂರ್ತಿ ಬಿಗಿಗೆ. ಕೊನೆಗೆ ಭಾರ ಹೊರುವುದು ಹೊರಗಿನದು.

ನೀಲಿ ದ್ರವ

ಲಾಕ್‌ಟೈಟ್ 243, ನಟ್ಟು ತಿರುಗದ ಹಾಗೆ ಥ್ರೆಡ್ಡಿಗೆ ಹಚ್ಚುವ ನೀಲಿ ಬಣ್ಣದ ದ್ರವ. 10 ಮಿಲಿ, 50 ಮಿಲಿ ಬಾಟಲಿಗಳಲ್ಲಿ ಬರುತ್ತದೆ, ಚಿಕ್ಕದಕ್ಕೆ ಕೆಲವು ನೂರು ರೂಪಾಯಿ. ಒಂದು ಗಾಡಿಗೆ ಚಿಕ್ಕದೇ ಧಾರಾಳ. ಚೆನ್ನೈನ ಅನಾಬಾಂಡ್ ಕೂಡ ಇದೇ ಬಗೆಯ ದ್ರವ ಮಾಡುತ್ತದೆ, ಬಾಟಲಿಯ ಮೇಲೆ ಮಧ್ಯಮ ಬಲ ಎಂದು ಬರೆದಿರುವುದನ್ನೇ ನೋಡಿ ತನ್ನಿ. ಕೆಂಪು ದ್ರವ, ಅಂದರೆ 271ರ ಜಾತಿ, ಬಿಚ್ಚಬೇಕಾದರೆ 250 ಡಿಗ್ರಿ ಕಾವು ಕೇಳುತ್ತದೆ. ರಬ್ಬರ್ ಬುಷ್ಷಿನ (ಬೋಲ್ಟಿನ ಸುತ್ತ ಕೂರುವ ರಬ್ಬರ್ ಕೊಳವೆ) ಪಕ್ಕದಲ್ಲಿ ಗ್ಯಾಸ್ ಟಾರ್ಚ್ ಹಿಡಿಯಲು ಯಾರಿಗಿಷ್ಟ? ಸಸ್ಪೆನ್ಷನ್ನಿಗೆ ನೀಲಿಯೇ ಸರಿ.

ಇದು ಅಂಟಿನ ಹಾಗೆ ಗಾಳಿಗೆ ಒಣಗುವುದಿಲ್ಲ. ಗಾಳಿ ಸಿಗದೆ, ಲೋಹ ತಾಗಿದಾಗ ಗಟ್ಟಿಯಾಗುತ್ತದೆ. ಬಾಟಲಿಯಲ್ಲಿ ಯಾವಾಗಲೂ ಅರ್ಧ ಗಾಳಿ ಬಿಟ್ಟಿರುವುದು ಅದಕ್ಕೇ, ಕಂಪನಿಯವರು ಕಡಿಮೆ ತುಂಬಿದ್ದಾರೆಂದು ಬೈಯುವುದು ಬೇಡ. ಥ್ರೆಡ್ಡುಗಳ ನಡುವಿನ ಸಂದನ್ನು ತುಂಬಿ ಜಾರುವಿಕೆಯನ್ನೇ ತಡೆಯುವುದರಿಂದ ನಿಜವಾದ ಲಾಕ್ ಎನ್ನಿಸಿಕೊಳ್ಳುತ್ತದೆ. ಜೊತೆಗೆ ಮಳೆನೀರು ಒಳಗೆ ಇಳಿಯದ ಹಾಗೂ ಆಗುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆಯಲ್ಲೇ ಇರುವ ಗಾಡಿಗೆ ಇದು ದೊಡ್ಡ ಲಾಭ. 243ಕ್ಕೆ ಸ್ವಲ್ಪ ಎಣ್ಣೆ ಜಿಡ್ಡು ಇದ್ದರೂ ನಡೆಯುತ್ತದೆ, ಹಾಗೆಂದು ಗ್ರೀಸಿನ ಮೇಲೆ ಸುರಿದರೆ ಹಿಡಿಯುವುದಿಲ್ಲ. ವೈರ್ ಬ್ರಷ್ ಹೊಡೆದು, ಬ್ರೇಕ್ ಕ್ಲೀನರಿನಲ್ಲೋ ಅಸಿಟೋನಿನಲ್ಲೋ ತೊಳೆಯಿರಿ. ಪೆಟ್ರೋಲು ಜಿಡ್ಡು ಬಿಟ್ಟುಹೋಗುತ್ತದೆ.

10 ಮಿಮೀ ಬೋಲ್ಟಿಗೆ ಎರಡು ಮೂರು ಹನಿ, ನಟ್ಟು ಕೊನೆಗೆ ಕೂರುವ ಜಾಗದಲ್ಲಿ ಸುತ್ತಲೂ. ತುದಿಗೆ ಹಚ್ಚಿದರೆ ನಟ್ಟು ಅದನ್ನು ದಾರಿಯಲ್ಲೇ ಒರೆಸಿಕೊಂಡು ಬರುತ್ತದೆ. ಇನ್ನೊಂದು ತುದಿ ತೆರೆದಿಲ್ಲದ ತೂತಾದರೆ ಬೋಲ್ಟಿಗೆ ಹಚ್ಚದೆ ತೂತಿನ ತಳಕ್ಕೇ ಹನಿ ಬಿಡಿ, ಬೋಲ್ಟು ಇಳಿಯುವಾಗ ಒಳಗಿನ ಗಾಳಿ ದ್ರವವನ್ನು ಮೇಲಕ್ಕೆ ತಳ್ಳಿ ಹರಡುತ್ತದೆ. ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಸತುವಿನ ಲೇಪದ ಬೋಲ್ಟಿನಲ್ಲಿ, ಡಿಸೆಂಬರ್ ಚಳಿಯಲ್ಲಿ ಇನ್ನೂ ನಿಧಾನ.

ಇನ್ನು ಅದರ ಮಿತಿ, ಬಾಟಲಿಯ ಮೇಲೆ ಬರೆದಿರದ ವಿಷಯ. ಕೂತ ಮೇಲೆ ನಟ್ಟನ್ನು ಮತ್ತೆ ಕಾಲು ಸುತ್ತು ಬಿಗಿ ಮಾಡಿದರೆ ಲಾಕ್ ಒಡೆಯಿತು, ಬಿಚ್ಚಿ ತೊಳೆದು ಹೊಸದಾಗಿ ಹಚ್ಚಬೇಕು. ಯು ಬೋಲ್ಟನ್ನು ಎರಡು ಸಲವಾದರೂ ಮತ್ತೆ ಬಿಗಿ ಮಾಡಲೇಬೇಕಾದ್ದರಿಂದ ಅಲ್ಲಿಗೆ ನೀಲಿ ದ್ರವ ಸಲ್ಲದು. ರಬ್ಬರ್ ಬುಷ್ಷಿನ ಬೋಲ್ಟಿಗೆ ಹಾಕುವುದಾದರೆ ಹತ್ತು ನಿಮಿಷದೊಳಗೆ ಜ್ಯಾಕ್ ಇಳಿಸಿ ಕೊನೆಯ ಬಿಗಿ ಮುಗಿಸಬೇಕು. ಸ್ಪ್ರಿಂಗ್ ಜೋತುಬಿದ್ದಾಗಲೇ ಬಿಗಿ ಮಾಡಿದರೆ ಬುಷ್ಷಿನ ಒಳಗಿನ ಉಕ್ಕಿನ ಕೊಳವೆ (ಸ್ಲೀವ್) ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ, ಗಾಡಿ ನೆಲಕ್ಕೆ ಇಳಿದಾಗ ರಬ್ಬರ್ ತಿರುಚಿ ನಿಂತು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆಮೇಲೆ ಬೈಸಿಕೊಳ್ಳುವುದು ಬುಷ್ ಕಂಪನಿ. 243 ಹೆಚ್ಚು ಒಪ್ಪುವುದು ಶಾಕ್ ಅಬ್ಸಾರ್ಬರಿನ ಬ್ರ್ಯಾಕೆಟ್ಟು, ಆ್ಯಂಟಿರೋಲ್ ಬಾರಿನ ಕ್ಲ್ಯಾಂಪು, ಚಾಸಿಗೆ ಕೂರುವ ಬಂಪ್ ಸ್ಟಾಪ್, ಇಂಥ ಲೋಹಕ್ಕೆ ಲೋಹ ಕೂರುವ, ಒಮ್ಮೆ ಬಿಗಿ ಮಾಡಿ ಬಿಡುವ ಜಾಗಗಳಿಗೆ.

ಜೀಪಿನ ಹಳೇ ಮಾದರಿಯ ಯು ಆಕಾರದ ಶ್ಯಾಕಲ್ಲಿಗೂ ಇದನ್ನು ಹಾಕಿದವರಿದ್ದಾರೆ! ಅಲ್ಲಿ ಥ್ರೆಡ್ಡೇ ಬೇರಿಂಗು, ಗ್ರೀಸ್ ತುಂಬಿಕೊಂಡು ತೂಗಾಡಬೇಕು. ಅಲ್ಲಿ ಬಿಗಿಯ ಪ್ರಶ್ನೆಯೇ ಇಲ್ಲ, ಶ್ಯಾಕಲ್ ಕೈಗೆ ಸಲೀಸಾಗಿ ಆಡಬೇಕು. ಕೆಲವಕ್ಕೆ ಎಡಗೈ ಥ್ರೆಡ್ ಇರುತ್ತದೆ, ಶ್ಯಾಕಲಿನ ಕಾಲಿನ ಮೇಲೆ ಸಣ್ಣ ಉಬ್ಬು ಅದರ ಗುರುತು. ನೋಡದೆ ಬಲವಂತ ಮಾಡಿದರೆ ಬುಷ್ಷೂ ಹೋಗುತ್ತದೆ, ಶ್ಯಾಕಲ್ಲೂ ಹೋಗುತ್ತದೆ.

ನೈಲಾಕ್, ಸ್ಪ್ಲಿಟ್ ಪಿನ್ನು, ಜೋಡಿ ವಾಷರ್

ನೈಲಾಕ್, ಅಂದರೆ ಬಾಯಲ್ಲಿ ನೈಲಾನ್ ಉಂಗುರ ಕೂರಿಸಿದ ನಟ್ಟು, ಅಗ್ಗ, ಎಲ್ಲೆಡೆ ಸಿಗುತ್ತದೆ, ಮೆಟ್ರಿಕ್ಕಿಗಂತೂ ಕೊರತೆಯೇ ಇಲ್ಲ. ರಬ್ಬರ್ ಬುಷ್ಷಿನ ಬೋಲ್ಟುಗಳಿಗೆ ನಮ್ಮ ಮೊದಲ ಆಯ್ಕೆ ಇದೇ, ಗಾಡಿ ಇಳಿಸಿ ನಿಧಾನವಾಗಿ ಬಿಗಿ ಮಾಡಲು ಅವಕಾಶ ಕೊಡುತ್ತದೆ. ಹಿಡಿತ ಹೋದರೂ ನಟ್ಟು ಬೀಳುವುದಿಲ್ಲ. ನೈಲಾನಿನಾಚೆ ಒಂದೆರಡು ಸುತ್ತು ಬೋಲ್ಟು ಕಾಣಬೇಕು. ಒಮ್ಮೆ ಬಿಚ್ಚಿದ ಮೇಲೆ ನೈಲಾನ್ ದಾಟುವಾಗ ಕೈಯಲ್ಲೇ ತಿರುಗುವಂತಿದ್ದರೆ ಎಸೆಯಿರಿ, ಹತ್ತು ರೂಪಾಯಿಯ ನಟ್ಟಿಗೆ ಲೋಭ ಬೇಡ. ಸ್ಪ್ಲಿಟ್ ಪಿನ್ನಿನ ತೂತಿರುವ ಬೋಲ್ಟಿಗೆ ಹಾಕಬಾರದು, ತೂತಿನ ಅಂಚು ನೈಲಾನನ್ನು ಹೆರೆದುಬಿಡುತ್ತದೆ. 120 ಡಿಗ್ರಿ ಮೀರುವ ಸೈಲೆನ್ಸರ್ ಪಕ್ಕಕ್ಕೂ ಬೇಡ.

ಬಾಲ್ ಜಾಯಿಂಟಿಗೆ, ಟೈ ರಾಡಿನ ತುದಿಗೆ ತಲೆಯಲ್ಲಿ ಸೀಳುಗಳಿರುವ ಕ್ಯಾಸಲ್ ನಟ್ಟೂ ಆ ಸೀಳಿನಲ್ಲಿ ತೂರಿ ಮಡಿಸುವ ಸ್ಪ್ಲಿಟ್ ಪಿನ್ನೂ ಬಂದದ್ದು ಹಾಗೇ ಇರಲಿ. ಅಲ್ಲಿ ಹಿಡಿಯುವುದು ಜಾಯಿಂಟಿನದೇ ಓರೆ ಮೈಯ ಪಿನ್ನು, ಆದ್ದರಿಂದ ಅದೂ ಅದರ ತೂತೂ ಒಣಗಿ ಶುದ್ಧವಾಗಿರಬೇಕು, ಗ್ರೀಸ್ ಬೇಡ. ಹೇಳಿದಷ್ಟು ಬಿಗಿ ಮಾಡಿ, ತೂತು ಸರಿಹೊಂದದಿದ್ದರೆ ನಟ್ಟಿನ ಮುಂದಿನ ಸೀಳು ತೂತಿಗೆ ಬರುವ ತನಕ ಇನ್ನಷ್ಟು ಬಿಗಿ ಮಾಡಿ, ಸಡಿಲಿಸಿ ಹೊಂದಿಸಬಾರದು. ಚಕ್ರದ ಬೇರಿಂಗಿನ ನಟ್ಟಿನ ಕ್ರಮ ಬೇರೆ, ಎರಡನ್ನೂ ಬೆರೆಸಬೇಡಿ. ಸ್ಪ್ಲಿಟ್ ಪಿನ್ನು ತೂತಿನಲ್ಲಿ ಆಡದಷ್ಟು ದಪ್ಪವಿರಲಿ, ಒಂದು ಕಾಲು ಬೋಲ್ಟಿನ ತುದಿಯ ಮೇಲೆ, ಇನ್ನೊಂದು ಕೆಳಕ್ಕೆ ಮಡಿಸಿ. ಮೊಳೆ, ಬೇಲಿ ತಂತಿ ತೂರಿಸಿರುವ ಗಾಡಿಗಳನ್ನು ತೋಟದ ಕಡೆ ಈಗಲೂ ಕಾಣಬಹುದು, ಸ್ಟೀರಿಂಗ್ ಕೈಕೊಡುವುದಕ್ಕೆ ಅಷ್ಟು ಸಾಕು. ಒಂದು ಡಬ್ಬಿ ಬಗೆಬಗೆ ಅಳತೆಯ ಪಿನ್ನಿಗೆ ಆಗುವ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ಸ್ವೀಡನ್ನಿನ ನಾರ್ಡ್‌ಲಾಕ್ ಜೋಡಿ ವಾಷರ್ ಇವುಗಳಲ್ಲಿ ದುಬಾರಿ, ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ, ಕೈಗಾರಿಕಾ ಸಾಮಾನು ಮಾರುವವರಿಂದ ತರಿಸಬೇಕು. ಎರಡು ವಾಷರಿನ ಒಳಮುಖದಲ್ಲಿ ಇಳಿಜಾರು ಮೆಟ್ಟಿಲು, ಹೊರಮುಖದಲ್ಲಿ ಕಚ್ಚುವ ಗೆರೆ. ಆ ಇಳಿಜಾರು ಥ್ರೆಡ್ಡಿನ ಇಳಿಜಾರಿಗಿಂತ ಕಡಿದು, ಹಾಗಾಗಿ ನಟ್ಟು ಬಿಚ್ಚಿಕೊಳ್ಳಲು ಹೊರಟರೆ ಜೋಡಿ ಉಬ್ಬಿ ಬೋಲ್ಟನ್ನು ಇನ್ನೂ ಎಳೆಯುತ್ತದೆ. ಎಣ್ಣೆ ಹಾಕಿದರೂ ಕೆಲಸ ಮಾಡುತ್ತದೆ, ಮತ್ತೆ ಬಿಗಿ ಮಾಡಬಹುದು, ಮತ್ತೆ ಬಳಸಬಹುದು. ಯು ಬೋಲ್ಟಿಗೆ ದುಡ್ಡು ಹಾಕುವ ಮನಸ್ಸಿದ್ದರೆ ಇದಕ್ಕೆ ಹಾಕಿ. ಮೆಟ್ಟಿಲು ಮೆಟ್ಟಿಲಿಗೆ ಎದುರಾಗಿ ಕೂತಿರಬೇಕು, ತಿರುವಿ ಹಾಕಿದರೆ ಬರೀ ಎರಡು ವಾಷರ್. ಕಚ್ಚಲು ಗಟ್ಟಿ ಲೋಹ ಬೇಕು, ಅಡಿಗೆ ಸಡಿಲ ಸಾದಾ ವಾಷರ್ ಇಟ್ಟರೆ ಕಟ್ಟೆಲ್ಲ ಒಟ್ಟಿಗೇ ತಿರುಗುತ್ತದೆ. ಬಣ್ಣ ಅದುಮಿ ಹೋಗುವ ಹಿಡಿತವನ್ನು ಇದೂ ಉಳಿಸಲಾರದು. ರಬ್ಬರನ್ನು ನೇರ ಅದುಮುವ ಜಾಗಕ್ಕೂ ಪ್ರಯೋಜನವಿಲ್ಲ.

ಟಾರ್ಕ್ ರೆಂಚು ಮತ್ತು ಒಂದು ಗೆರೆ

ಅರ್ಧ ಇಂಚಿನ ಚೌಕದ, ಸುಮಾರು 28ರಿಂದ 210 ನ್ಯೂಟನ್ ಮೀಟರ್ ವ್ಯಾಪ್ತಿಯ ಕ್ಲಿಕ್ ರೆಂಚು ಈ ಗಾಡಿಗಳ ಸಸ್ಪೆನ್ಷನ್ ಕೆಲಸವನ್ನು ಹೆಚ್ಚುಕಡಿಮೆ ಪೂರ್ತಿ ಮುಗಿಸುತ್ತದೆ. ಒಳ್ಳೆಯದರ ತಪ್ಪು ನೂರಕ್ಕೆ 4ರೊಳಗೆ. ಲಾಕಿಂಗ್ ಸಾಮಾನು ಎಲ್ಲ ಸೇರಿಸಿದರೂ ಇದರಷ್ಟು ಉಪಯೋಗ ಬರುವುದಿಲ್ಲ, ಮೂರ್ನಾಲ್ಕು ಜನ ಸೇರಿ ಒಂದು ಕೊಂಡರೂ ಆಯಿತು. ಕೆಲಸ ಮುಗಿದ ಮೇಲೆ ಕನಿಷ್ಠ ಅಂಕಿಗೆ ಇಳಿಸಿಡಿ, ನಟ್ಟು ಬಿಚ್ಚಲು ಬಳಸಬೇಡಿ, ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಮಾಡಿಸಿ. ಏರ್ ಗನ್ ಹಿಡಿದು "ಟೈಟ್ ಆಯ್ತು ಸಾರ್" ಅನ್ನುವ ಕಡೆ ಗನ್ನನ್ನು ಬಿಚ್ಚಲು ಮಾತ್ರ ಬಿಡಿ.

ಗಾಡಿಯ ಮ್ಯಾನ್ಯುಯಲ್ಲಿನ ಅಂಕಿಯೇ ಅಂತಿಮ. ಹಳೇ ಪುಸ್ತಕ ಪೌಂಡು ಅಡಿಯಲ್ಲಿ ಹೇಳಿದರೆ 1.356ರಿಂದ ಗುಣಿಸಿ. ಅಂಕಿ ಸಿಗದ, ಲೋಹಕ್ಕೆ ಲೋಹ ಕೂರುವ ಜಾಗಕ್ಕೆ ಒಣ ಥ್ರೆಡ್ಡಿನ ಸಾಮಾನ್ಯ ಲೆಕ್ಕ ಇದು: 8.8 ದರ್ಜೆಯ 10 ಮಿಮೀಗೆ 45-50 ನ್ಯೂಟನ್ ಮೀಟರ್, 12 ಮಿಮೀ ಫೈನ್‌ಗೆ 85-90. ಗ್ರೇಡ್ 5ರ ಯುಎನ್‌ಎಫ್‌ನಲ್ಲಿ 3/8 ಇಂಚಿಗೆ 47, 7/16ಕ್ಕೆ 75, ಅರ್ಧ ಇಂಚಿಗೆ 115ರ ಸುತ್ತಮುತ್ತ. ಎಣ್ಣೆ ಹಾಕಿದ್ದರೆ ಕಾಲು ಪಾಲು ಇಳಿಸಿ, ಇಲ್ಲದಿದ್ದರೆ ಅದೇ ಅಂಕಿಗೆ ಬೋಲ್ಟು ಅತಿಯಾಗಿ ಎಳೆದುಕೊಳ್ಳುತ್ತದೆ. ಉಕ್ಕಿನ ಕೊಳವೆಯಿಲ್ಲದ ಬರಿ ರಬ್ಬರ್ ಬುಷ್ಷಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅಲ್ಲಿ ನಟ್ಟು ಪಿನ್ನಿನ ಭುಜಕ್ಕೆ ತಾಗುವ ತನಕ, ಅಷ್ಟೇ.

ಬಿಗಿ ಆದ ಮೇಲೆ ನಟ್ಟಿನಿಂದ ಪ್ಲೇಟಿನ ಮೇಲಕ್ಕೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಹಳದಿ ತನ್ನಿ, ಕೆಮ್ಮಣ್ಣು ಮೆತ್ತಿದ ಮೇಲೆ ಬಿಳಿ ಬಣ್ಣ ಕಾಣುವುದಿಲ್ಲ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಗಾಡಿಯ ಅಡಿ ತೊಳೆಸಿ ಟಾರ್ಚ್ ಬಿಟ್ಟು ನೋಡಿ. ಗೆರೆ ತುಂಡಾಗಿದ್ದರೆ ನಟ್ಟು ತಿರುಗಿದೆ, ಅಲ್ಲಿಗೆ ಲಾಕ್ ಬೇಕು. ಗೆರೆ ಹಾಗೇ ಇದ್ದು ನಟ್ಟಿನ ಅಡಿಯಿಂದ ಕೆಂಪು ಪುಡಿ ಇಳಿದಿದ್ದರೆ ನಟ್ಟು ತಿರುಗಿಲ್ಲ, ಒಳಗೆ ಲೋಹ ಲೋಹ ತಿಕ್ಕುತ್ತಿದೆ. ಅಂಥದ್ದನ್ನು ಹೊರಗಿನಿಂದ ಬಿಗಿ ಮಾಡಿ ಬಿಡುವುದಲ್ಲ, ಬಿಚ್ಚಿ ಕೂರುವ ಮುಖ ಕೆರೆದು ಹೊಸ ಬೋಲ್ಟು ಹಾಕುವುದು.